ಆರಿದ ದೀಪದೊಳಗಿನ ಪಾದರಸ

ತುಂಗಭದ್ರೆಯನ್ನು ಹೊಸಪೇಟೆಯ ಬಳಿ ತಡೆದು ನಿಲ್ಲಿಸಿ, 1953ರಲ್ಲಿ ಜಲಾಶಯದ ನೀರನ್ನು ಕಾಲುವೆಗಳಿಗೆ ಹರಿಯಬಿಟ್ಟ ಬಳಿಕ, ಅಣೆಕಟ್ಟಿನ ಬುಡದಲ್ಲೊಂದು, ಹಂಪಿಯ ಕಡೆಗೊಂದು, ಹೀಗೆ ತಲಾ 36 ಮೆಗಾವಾಟ್ ಸಾಮರ್ಥ್ಯದ ಎರಡು ವಿದ್ಯುದಾಗಾರಗಳು ತಲೆಯೆತ್ತಿದವು. ನದಿಯ ನೀರೇ ಬೆಳಕಾಗಿ ಮನೆಮನೆಯ ಜಂತಿಗೆ ಏರಿದ ಆ ಕಾಲದ ತರುವಾಯ, ಈ ಸೀಮೆಯ ರಾತ್ರಿಗಳನ್ನು ದಶಕಗಳ ಪರ್ಯಂತ ಬೆಳಗಿದ ಸಾಧನವೆಂದರೆ ನಾಲ್ಕಡಿ ಉದ್ದದ ಟ್ಯೂಬ್‌ಲೈಟು. ಹೊಸಪೇಟೆಯ ಶಾಲಾ ಕೊಠಡಿಗಳಲ್ಲಿ, ಕಂಪ್ಲಿಯ ಅಕ್ಕಿ ಗಿರಣಿಗಳ ಧೂಳು ಮುಸುಕಿದ ತೊಲೆಗಳಲ್ಲಿ, ಸಂಡೂರಿನ ಗಣಿ ನೌಕರರ ವಸತಿಸಾಲುಗಳಲ್ಲಿ, ಹಂಪಿ ಕಮಲಾಪುರಗಳ ಛತ್ರ ಖಾನಾವಳಿಗಳಲ್ಲಿ, ಸ್ವಿಚ್ಚು ಒತ್ತಿದ ಮೇಲೆ ಎರಡು ಮೂರು ಸಲ ಮಿಣುಕಿ, ಚೋಕು ಸಣ್ಣಗೆ ಗುಂಯ್‌ಗುಟ್ಟುತ್ತಿರಲು ಸ್ಥಿರವಾಗಿ ನೆಲೆಗೊಳ್ಳುತ್ತಿದ್ದ ಆ ಬಿಳಿಯ ಬೆಳಕನ್ನು ಅರಿಯದ ಮಧ್ಯವಯಸ್ಕರು ಇಲ್ಲಿ ಯಾರೂ ಇರಲಾರರು. ಅದನ್ನು ಬರಮಾಡಿಕೊಳ್ಳುವುದು ಹೇಗೆಂದು ನಾವು ಅರಿತಿದ್ದೆವು. ಬೀಳ್ಕೊಡುವುದು ಹೇಗೆಂದು ಯೋಚಿಸಲಿಲ್ಲ. ಎಲ್‌ಇಡಿ ದೀಪಗಳು ಬಂದು ಆ ಕೊಳವೆಗಳನ್ನು ಗೋಡೆಯಿಂದ ಇಳಿಸುತ್ತಿರುವ ಈ ಹೊತ್ತಿನಲ್ಲಿ ಆ ಯೋಚನೆಯನ್ನು ಇನ್ನೂ ಮುಂದಕ್ಕೆ ತಳ್ಳುವುದು ಸಲ್ಲದು. ಏಕೆಂದರೆ ಇಳಿದು ಬರುವ ಪ್ರತಿಯೊಂದು ಕೊಳವೆಯೊಳಗೂ ಪಾದರಸವಿದೆ.

ಪಾದರಸವಿಲ್ಲದೆ ಈ ದೀಪ ಉರಿಯದು. ಕೊಳವೆಯೊಳಗಿನ ಗಾಳಿಯನ್ನು ಹೊರಗೆಳೆದು, ಅಲ್ಪ ಪ್ರಮಾಣದ ಆರ್ಗಾನ್ ಅನಿಲವನ್ನೂ ಒಂದು ಹನಿಗಿಂತ ಎಷ್ಟೋ ಕಡಿಮೆಯಾದ ಪಾದರಸವನ್ನೂ ತುಂಬಿ ತುದಿಗಳನ್ನು ಭದ್ರವಾಗಿ ಮುಚ್ಚಿರುತ್ತಾರೆ. ವಿದ್ಯುತ್ತು ಒಂದು ತುದಿಯ ತಂತುವಿನಿಂದ ಇನ್ನೊಂದು ತುದಿಗೆ ಹರಿಯುವಾಗ, ಆವಿಯಾದ ಪಾದರಸದ ಪರಮಾಣುಗಳು ಕ್ಷೋಭೆಗೊಂಡು, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೊಮ್ಮಿಸುತ್ತವೆ. ಗಾಜಿನ ಒಳಮೈಗೆ ಲೇಪಿಸಿದ ಬಿಳಿಯ ಪುಡಿ ಆ ಕಿರಣಗಳನ್ನು ಹೀರಿಕೊಂಡು ನಮಗೆ ಕಾಣುವ ಬೆಳಕನ್ನಾಗಿ ಮಾರ್ಪಡಿಸುತ್ತದೆ. 1938ರಲ್ಲಿ ಅಮೆರಿಕದಲ್ಲಿ ವ್ಯಾಪಾರಕ್ಕೆ ಬಂದ ಈ ಕೊಳವೆಯನ್ನೇ ಸಣ್ಣದು ಮಾಡಿ, ಬಗ್ಗಿಸಿ, ಸುರುಳಿ ಸುತ್ತಿ, ಬಲ್ಬಿನ ಹೋಲ್ಡರಿಗೆ ಹೊಂದುವಂತೆ ಮಾಡಿದಾಗ ಅದು ಸಿಎಫ್‌ಎಲ್ ಆಯಿತು. ಗಣಿಯಂಗಳದ ಎತ್ತರದ ಕಂಬಗಳಲ್ಲಿ, ಹೆದ್ದಾರಿಯ ಬದಿಯಲ್ಲಿ ಹಳದಿಯಾಗಿ ಉರಿಯುತ್ತಿದ್ದ ಸೋಡಿಯಂ ದೀಪಗಳೊಳಗೂ ಸೋಡಿಯಮ್ಮಿನೊಂದಿಗೆ ಪಾದರಸ ಬೆರೆತಿರುತ್ತದೆ.

ಪ್ರಮಾಣವನ್ನು ಕುರಿತು ಒಂದು ಮಾತು. ಹಳೆಯ ದಪ್ಪ ಟ್ಯೂಬುಗಳಲ್ಲಿ ಹತ್ತಾರು ಮಿಲಿಗ್ರಾಂ ಪಾದರಸವಿರುತ್ತಿದ್ದುದುಂಟು. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆಯವರು 2011ರಲ್ಲಿ ನಮ್ಮ ಮಾರುಕಟ್ಟೆಯ ಸಿಎಫ್‌ಎಲ್ ಬಲ್ಬುಗಳನ್ನು ಪರೀಕ್ಷೆಗೆ ಒಡ್ಡಿದಾಗ ಸರಾಸರಿ 21 ಮಿಲಿಗ್ರಾಂನಷ್ಟು ಪಾದರಸ ಕಂಡುಬಂದಿತ್ತು. ಅನಂತರ 2016ರ ಇ-ತ್ಯಾಜ್ಯ ನಿಯಮಗಳು 30 ವಾಟಿಗಿಂತ ಕಡಿಮೆಯ ಸಾಮಾನ್ಯ ಸಿಎಫ್‌ಎಲ್‌ಗೆ ಎರಡೂವರೆ ಮಿಲಿಗ್ರಾಂನ ಮಿತಿಯನ್ನು ವಿಧಿಸಿದವು. ಎರಡೂವರೆಯಾಗಲಿ ಇಪ್ಪತ್ತೊಂದಾಗಲಿ, ಉಗುರಿನ ತುದಿಯಲ್ಲಿ ನಿಲ್ಲುವಷ್ಟೇ. ಇಷ್ಟು ಸ್ವಲ್ಪಕ್ಕೆ ಇಷ್ಟೇಕೆ ಮಾತು ಎಂದು ಕೇಳುವವರು ಪಾದರಸದ ಸ್ವಭಾವವನ್ನು ನೆನೆಯಬೇಕು. ಅದು ಧಾತು, ಬೆಂಕಿಗೆ ಹಾಕಿದರೆ ಸುಟ್ಟು ಬೂದಿಯಾಗದು, ಮಣ್ಣಿಗೆ ಹಾಕಿದರೆ ಕೊಳೆತು ಗೊಬ್ಬರವಾಗದು, ನೀರಿಗೆ ಹಾಕಿದರೆ ಕರಗಿ ಇಲ್ಲವಾಗದು. ಒಮ್ಮೆ ಹೊರಬಿದ್ದ ಪಾದರಸ ರೂಪವನ್ನು ಬದಲಿಸುತ್ತ, ಸ್ಥಳವನ್ನು ಬದಲಿಸುತ್ತ, ಎಲ್ಲಾದರೊಂದು ಕಡೆ ಇದ್ದೇ ಇರುತ್ತದೆ.

ಆರಿದ ಟ್ಯೂಬುಗಳ ಗತಿ ಏನಾಗುತ್ತದೆಂಬುದನ್ನು ಕಾಣಲು ನಮ್ಮ ಪಟ್ಟಣಗಳಲ್ಲಿ ಬಹುದೂರ ಹೋಗಬೇಕಾಗಿಲ್ಲ. ಗುಜರಿ ಅಂಗಡಿಯ ಹಿಂಭಾಗದಲ್ಲಿ, ಮುರಿದ ಕುರ್ಚಿ, ತುಕ್ಕು ಹಿಡಿದ ಪಂಪುಗಳ ಮಗ್ಗುಲಲ್ಲಿ, ಗೋಡೆಗೆ ಒರಗಿಸಿಟ್ಟ ಹತ್ತಿಪ್ಪತ್ತು ಕೊಳವೆಗಳು ಕಾಣುತ್ತವೆ. ಎರಡು ತುದಿಗಳಲ್ಲಿ ಕಪ್ಪು ಹಿಡಿದ ಪಟ್ಟೆ, ಅದರಾಚೆಗೆ ಅಲ್ಯೂಮಿನಿಯಮ್ಮಿನ ಪುಟ್ಟ ಟೊಪ್ಪಿಗೆ, ಟೊಪ್ಪಿಗೆಯಿಂದ ಹೊರಚಾಚಿದ ಎರಡೆರಡು ಪಿನ್ನುಗಳು. ಕೊಳ್ಳುವವನಿಗೆ ಬೇಕಾದುದು ಆ ಟೊಪ್ಪಿಗೆ ಮಾತ್ರ. ಕೆಲಸದ ಹುಡುಗ ಕೊಳವೆಯ ಕುತ್ತಿಗೆಗೆ ಕಬ್ಬಿಣದ ತುಂಡಿನಿಂದ ಒಂದು ಪೆಟ್ಟು ಕೊಡುತ್ತಾನೆ. ಒಳಗಿನ ಶೂನ್ಯಕ್ಕೆ ಹೊರಗಿನ ಗಾಳಿ ನುಗ್ಗಿ ‘ಢಬ್’ ಎಂಬ ಸದ್ದಾಗುತ್ತದೆ. ಒಂದು ಕ್ಷಣ ಬಿಳಿಯ ಪುಡಿ ಅವನ ಮುಖದ ಮಟ್ಟದಲ್ಲಿ ಮೋಡಗಟ್ಟಿ ನಿಧಾನವಾಗಿ ಕೆಳಗಿಳಿಯುತ್ತದೆ. ಅವನು ಬಾಯಿಗೆ ಬಟ್ಟೆ ಕಟ್ಟಿರುವುದಿಲ್ಲ. ಕಟ್ಟಿದ್ದರೂ ಪಾದರಸದ ಆವಿಯನ್ನು ಬಟ್ಟೆ ತಡೆಯಲಾರದು. ಟೊಪ್ಪಿಗೆಗಳು ಡಬ್ಬಿಗೆ ಬೀಳುತ್ತವೆ, ಗಾಜಿನ ಚೂರುಗಳು ಚೀಲಕ್ಕೆ, ಪುಡಿ ನೆಲಕ್ಕೆ.

ಇನ್ನೊಂದು ದೃಶ್ಯವನ್ನೂ ಇಲ್ಲಿ ಹೇಳದೆ ಬಿಡಲಾರೆ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಬರುತ್ತಿದ್ದ ಸೈಕಲ್ ಸರ್ಕಸ್ಸಿನವರನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬೇಕು. ಹಗಲಿರುಳು ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಿದ್ದ ಆ ಸಾಹಸಿ, ಸಂಜೆಯಾಗುತ್ತಲೇ ಊರವರು ಸುತ್ತ ಕುಳಿತು ನೋಡುತ್ತಿರಲು, ಉರಿದು ಹೋದ ಟ್ಯೂಬ್‌ಲೈಟುಗಳನ್ನು ತನ್ನ ಎದೆಗೂ ಬೆನ್ನಿಗೂ ಬಡಿದುಕೊಂಡು ಪುಡಿಪುಡಿ ಮಾಡುತ್ತಿದ್ದ. ಹಸಿದ ಹೊಟ್ಟೆಗಾಗಿ ಗಾಜನ್ನು ಮೈಯ ಮೇಲೆ ಒಡೆದುಕೊಳ್ಳುತ್ತಿದ್ದ ಆ ಮನುಷ್ಯನ ಧೈರ್ಯವನ್ನು ಕಂಡು ನಾವು ಚಪ್ಪಾಳೆ ತಟ್ಟಿದೆವು. ಗಾಯಕ್ಕಿಂತ ದೊಡ್ಡ ಅಪಾಯವೊಂದನ್ನು ಅವನೂ, ಮುಂದಿನ ಸಾಲಿನಲ್ಲಿ ಮಣ್ಣಿನ ಮೇಲೆ ಕುಳಿತ ಮಕ್ಕಳೂ ಉಸಿರಿನೊಡನೆ ಒಳಗೆ ಎಳೆದುಕೊಳ್ಳುತ್ತಿದ್ದಾರೆಂಬುದನ್ನು ಆ ಊರಿನಲ್ಲಿ ಹೇಳುವವರೇ ಇರಲಿಲ್ಲ.

ಪಾದರಸದ ಲೋಹವನ್ನು ನುಂಗಿದರೆ ಅದು ಬಹುಪಾಲು ದೇಹಕ್ಕೆ ಹತ್ತದೆ ಹೊರಹೋಗುತ್ತದೆ. ಆವಿಯನ್ನು ಉಸಿರಾಡಿದರೆ ಮಾತ್ರ, ಒಳಹೊಕ್ಕ ಆವಿಯ ಸುಮಾರು ನೂರಕ್ಕೆ ಎಂಬತ್ತು ಭಾಗವನ್ನು ಶ್ವಾಸಕೋಶಗಳು ರಕ್ತಕ್ಕೆ ಒಪ್ಪಿಸುತ್ತವೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗಿಗಾಗಲಿ ಕಣ್ಣಿಗಾಗಲಿ ಮುನ್ಸೂಚನೆ ಕೊಡುವ ಗುಣವಿಲ್ಲ. ದಿನದಿನವೂ ಅಲ್ಪಾಲ್ಪವಾಗಿ ಸೇವಿಸಿದವರಲ್ಲಿ ಕೈನಡುಕ, ನಿದ್ರಾಭಂಗ, ಮರೆವು, ಸಿಡುಕು, ಒಸಡಿನ ಊತ ಕಾಣಿಸಿಕೊಳ್ಳುತ್ತವೆ, ಮೂತ್ರಪಿಂಡಗಳು ಕೆಡುತ್ತವೆ, ಗರ್ಭಿಣಿಯಾದವಳ ರಕ್ತದಿಂದ ಅದು ಶಿಶುವಿನ ಬೆಳೆಯುತ್ತಿರುವ ಮಿದುಳಿಗೂ ತಲಪುತ್ತದೆ. ಮನೆಯಲ್ಲಿ ಒಂದು ಬಲ್ಬು ಒಡೆದರೆ ಈ ವ್ಯಾಧಿಗಳೆಲ್ಲ ಬಂದೆರಗುವುವೆಂದು ಹೆದರಿಸುವುದು ನನ್ನ ಉದ್ದೇಶವಲ್ಲ, ಅದು ಸತ್ಯವೂ ಅಲ್ಲ. ಒಡೆದ ಒಂದು ದೀಪದ ಪಾದರಸದಲ್ಲಿ ಸ್ವಲ್ಪ ಭಾಗ ಮೊದಲ ಗಂಟೆಗಳಲ್ಲಿ ಆವಿಯಾಗಿ, ಉಳಿದದ್ದು ಪುಡಿಗೂ ಗಾಜಿಗೂ ಅಂಟಿಕೊಂಡು ದಿನಗಟ್ಟಲೆ, ವಾರಗಟ್ಟಲೆ ನಿಧಾನವಾಗಿ ಹೊರಬೀಳುತ್ತದೆ. ಕಿಟಕಿಗಳು ತೆರೆದಿದ್ದರೆ ಬಹುಮಟ್ಟಿಗೆ ಚದುರಿಹೋಗುತ್ತದೆ. ಅಪಾಯದ ಭಾರವನ್ನು ಹೊರುವವರು ಬೇರೆ ಇದ್ದಾರೆ. ದಿನವಿಡೀ ಟೊಪ್ಪಿಗೆ ಕೀಳುವ ಗುಜರಿಯ ಹುಡುಗ, ಹಸಿಕಸ ಒಣಕಸಗಳ ನಡುವೆ ಮುರಿದ ಸಿಎಫ್‌ಎಲ್ಲನ್ನು ಬರಿಗೈಯಲ್ಲಿ ಎತ್ತುವ ಪೌರಕಾರ್ಮಿಕ ತಾಯಿ, ಕಸದ ಗಾಡಿಯ ಹಿಂದೆ ನಿಂತು ಮೂಟೆಗಳನ್ನು ತುಳಿದು ಅದುಮುವ ಆಳು, ಇವರೇ ನಮ್ಮ ಬೆಳಕಿನ ಸಾಲವನ್ನು ತಮ್ಮ ದೇಹದಿಂದ ತೀರಿಸುತ್ತಿರುವವರು.

ಅವರನ್ನು ದಾಟಿದ ಪಾದರಸ ಕಸದ ರಾಶಿಯಿಂದ ಮಳೆನೀರಿನೊಡನೆ ಹಳ್ಳಕ್ಕೂ, ಹಳ್ಳದಿಂದ ಹೊಳೆಗೂ ಇಳಿಯುವ ದಾರಿಯನ್ನು ಹಿಡಿಯುತ್ತದೆ. ಈ ಸೀಮೆಯ ನೆಲದ ಇಳಿಜಾರೆಲ್ಲ ಕೊನೆಗೆ ತುಂಗಭದ್ರೆಯ ಕಡೆಗೇ ಇದೆ. ಜಲಾಶಯದಿಂದ ಲಕ್ಷ ಕ್ಯೂಸೆಕ್ಸ್ ಮೀರಿ ನೀರು ಬಿಟ್ಟ ಮಳೆಗಾಲಗಳಲ್ಲಿ ಕಂಪ್ಲಿಯ ಸೇತುವೆ ಮುಳುಗಿ, ಕೋಟೆಯ ಭಾಗದ ಮನೆಗಳಿಗೆ ಹೊಳೆ ನುಗ್ಗುವುದನ್ನು ಅಲ್ಲಿಯ ಜನ ಮತ್ತೆ ಮತ್ತೆ ಕಂಡಿದ್ದಾರೆ. ದಂಡೆಯಲ್ಲಿ ಸುರಿದಿದ್ದ ಕಸವನ್ನೆಲ್ಲ ಆ ನೀರು ತನ್ನೊಡನೆ ಒಯ್ಯುತ್ತದೆ. ನೀರಿನ ತಳದ ಗಾಳಿಯಾಡದ ಕೆಸರಿನಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಪಾದರಸವನ್ನು ಮಿಥೈಲ್ ಪಾದರಸವೆಂಬ ಸಂಯುಕ್ತವನ್ನಾಗಿ ಮಾರ್ಪಡಿಸುತ್ತವೆ. ಲೋಹದ ಪಾದರಸದಂತೆ ಇದು ದೇಹದಿಂದ ಸುಮ್ಮನೆ ಹೊರಹೋಗುವುದಲ್ಲ. ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಸಣ್ಣಮೀನಿಗೆ, ಸಣ್ಣಮೀನಿನಿಂದ ದೊಡ್ಡ ಮೀನಿಗೆ ದಾಟುತ್ತ, ದಾಟಿದಷ್ಟೂ ಸಾಂದ್ರವಾಗುತ್ತ ಮೇಲೇರುತ್ತದೆ. ಆ ಏಣಿಯ ತುತ್ತತುದಿಯಲ್ಲಿ ಮೀನುಣ್ಣುವ ಮನುಷ್ಯನಿದ್ದಾನೆ. ನಮ್ಮ ಹೊಳೆಯಲ್ಲಿ ಅವನ ಜತೆಗೆ ನೀರುನಾಯಿಯೂ ಇದೆ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದೀಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ರಾಜ್ಯ ಸರ್ಕಾರ ಘೋಷಿಸಿತು. ಹಂಪಿಯ ಗುಂಡುಬಂಡೆಗಳ ನಡುವೆ ಹರಿಯುವ ನೀರಿನಲ್ಲಿ ಗುಂಪುಗುಂಪಾಗಿ ಮೀನು ಅಟ್ಟುವ ಈ ನುಣುಪುಗೂದಲಿನ ಪ್ರಾಣಿಯ ಆಹಾರವೆಲ್ಲ ಬಹುಮಟ್ಟಿಗೆ ಮೀನೇ ಆದುದರಿಂದ, ಮೀನಿನಲ್ಲಿ ಏನು ಸೇರುವುದೋ ಅದು ಇದರಲ್ಲಿ ಹಲವು ಪಾಲಾಗಿ ಸೇರುತ್ತದೆ. ಉತ್ತರ ಅಮೆರಿಕದ ವಿಜ್ಞಾನಿಗಳು ನದಿಗಳಲ್ಲಿ ಪಾದರಸ ಎಷ್ಟಿದೆಯೆಂದು ತಿಳಿಯಲು ನೀರುನಾಯಿಯ ರೋಮವನ್ನೂ ಅಂಗಾಂಶವನ್ನೂ ಪರೀಕ್ಷಿಸುವುದು ಇದೇ ಕಾರಣದಿಂದ. ಹರಿಗೋಲಿನಲ್ಲಿ ಬಲೆ ಹಾಕುವ ಬೆಸ್ತರ ಮನೆಯ ಊಟಕ್ಕೂ ಈ ಪ್ರಾಣಿಯ ಊಟಕ್ಕೂ ಮೂಲ ಒಂದೇ. ಮೀನಿನ ಮೂಲಕ ಬರುವ ಪಾದರಸ ಏನು ಮಾಡಬಲ್ಲದೆಂಬುದನ್ನು ಜಪಾನಿನ ಮಿನಮಾಟಾ ಪಟ್ಟಣ 1956ರಲ್ಲಿ ಲೋಕಕ್ಕೆ ತೋರಿಸಿತು. ಅಲ್ಲಿಯ ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಕಲ್ಮಷದಿಂದ ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಆಮೇಲೆ ಬೆಸ್ತರ ಮಕ್ಕಳ ಕೈಕಾಲು ಸೆಟೆದವು, ಮಾತು ತೊದಲಿತು, ದೃಷ್ಟಿ ಕುಗ್ಗಿತು. ಅಲ್ಲಿ ಹರಿದದ್ದು ಟನ್ನುಗಟ್ಟಲೆ, ನಮ್ಮಲ್ಲಿಯದು ಮಿಲಿಗ್ರಾಂಗಳ ಲೆಕ್ಕ. ಆ ಅಂತರವನ್ನು ಮರೆಮಾಚುವುದು ನ್ಯಾಯವಲ್ಲ. ಆದರೂ ಮಾರ್ಗ ಒಂದೇ ಆಗಿರುವಾಗ, ಅದನ್ನು ಮೊದಲ ಹೆಜ್ಜೆಯಲ್ಲಿಯೇ ಮುಚ್ಚುವುದು ವಿವೇಕ. ಆ ಪಟ್ಟಣದ ಹೆಸರನ್ನೇ ಹೊತ್ತ ಅಂತಾರಾಷ್ಟ್ರೀಯ ಒಪ್ಪಂದವೊಂದು 2013ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಸಿಎಫ್‌ಎಲ್‌ಗಳ ತಯಾರಿಕೆ 2025ಕ್ಕೆ, ಉದ್ದನೆಯ ಟ್ಯೂಬುಗಳದು 2027ರ ವೇಳೆಗೆ ನಿಲ್ಲಬೇಕೆಂದು ಆ ಒಪ್ಪಂದದ ರಾಷ್ಟ್ರಗಳು ತೀರ್ಮಾನಿಸಿವೆ.

ತಯಾರಿಕೆ ನಿಂತರೆ ಸಮಸ್ಯೆಯೂ ನಿಲ್ಲುವುದೆಂದು ತಿಳಿಯಬಾರದು. ನಿಜವಾದ ಹೊರೆ ಆಗಲೇ ಕೆಳಗಿಳಿಯುವುದು. 2009ರಲ್ಲಿ ಕೇಂದ್ರದ ಬಚತ್ ಲ್ಯಾಂಪ್ ಯೋಜನೆ ಸಾಮಾನ್ಯ ಬಲ್ಬಿನ ಬೆಲೆಗೇ ಸಿಎಫ್‌ಎಲ್‌ಗಳನ್ನು ಮನೆಗಳಿಗೆ ಹಂಚಲು ಹೊರಟಿತು. 2015ರ ಕೊನೆಯಲ್ಲಿ ನಮ್ಮ ರಾಜ್ಯದ ‘ಹೊಸ ಬೆಳಕು’ ಯೋಜನೆ ಎಲ್‌ಇಡಿ ಬಲ್ಬುಗಳನ್ನು ತಂದುಕೊಟ್ಟಿತು. ವಿದ್ಯುತ್ತಿನ ಉಳಿತಾಯದ ದೃಷ್ಟಿಯಿಂದ ಎರಡೂ ಒಳ್ಳೆಯ ಕೆಲಸಗಳೇ. ಕಲ್ಲಿದ್ದಲಿನಲ್ಲಿಯೂ ಲೇಶಪ್ರಮಾಣದ ಪಾದರಸವಿದ್ದು, ಕುಡತಿನಿಯ ಉಷ್ಣವಿದ್ಯುತ್ ಸ್ಥಾವರದಂಥ ಕಡೆ ಅದನ್ನು ಸುಡುವುದು ಎಷ್ಟು ಕಡಿಮೆಯಾದರೆ ಅಷ್ಟು ಕ್ಷೇಮ. ಹೊಸ ದೀಪವನ್ನು ಕೈಗೆ ಕೊಟ್ಟಾಗಲೇ ಹಳೆಯದನ್ನು ಕೈಯಿಂದ ತೆಗೆದುಕೊಳ್ಳುವ ಏರ್ಪಾಡು ಪ್ರತಿ ಅಂಗಡಿಯಲ್ಲಿಯೂ ಇದ್ದಿದ್ದರೆ ಇಂದು ಈ ಲೇಖನದ ಅವಶ್ಯಕತೆಯೇ ಬೀಳುತ್ತಿರಲಿಲ್ಲ.

ಕಾನೂನು ಮೌನವಾಗಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೆಟ್ಟ ಟ್ಯೂಬ್‌ಲೈಟು, ಸಿಎಫ್‌ಎಲ್‌ಗಳನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿ, ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಅವನ್ನು ಒಪ್ಪಿಸುವ ಕೇಂದ್ರಗಳನ್ನು ಸ್ಥಳೀಯ ಸಂಸ್ಥೆಗಳು ತೆರೆಯತಕ್ಕದ್ದೆಂದೂ, ಕೇಂದ್ರ ತೆರೆದಿರುವ ವೇಳೆಯನ್ನು ಜನಕ್ಕೆ ತಿಳಿಸತಕ್ಕದ್ದೆಂದೂ ವಿಧಿಸಿದವು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು, 2023ರ ಏಪ್ರಿಲ್‌ನಿಂದ ಅವುಗಳ ಸ್ಥಾನಕ್ಕೆ ಬಂದ ಹೊಸ ನಿಯಮಗಳು, ದೀಪಗಳನ್ನು ತಯಾರಿಸಿದವರ ಮೇಲೆಯೇ ಅವುಗಳ ಅಂತಿಮ ವಿಲೇವಾರಿಯ ಹೊಣೆಯನ್ನು ಹೊರಿಸಿದವು. ಸಂಸ್ಕರಣಾ ಘಟಕ ಸಿಗದಿದ್ದಲ್ಲಿ ದೀಪಗಳನ್ನು ಅಪಾಯಕಾರಿ ತ್ಯಾಜ್ಯದ ವಿಲೇವಾರಿ ತಾಣಕ್ಕೆ ಸಾಗಿಸಬಹುದು, ಆದರೆ ಹೂಳುವ ಮುನ್ನ ಪಾದರಸವನ್ನು ಸ್ಥಿರಗೊಳಿಸತಕ್ಕದ್ದು ಎಂದೂ 2016ರ ಆ ಇ-ತ್ಯಾಜ್ಯ ನಿಯಮಗಳಲ್ಲಿತ್ತು. ನಮ್ಮ ರಾಜ್ಯದಲ್ಲಿ ಅಂಥ ತಾಣ ದಾಬಸ್‌ಪೇಟೆಯಲ್ಲಿದೆ. ಹೊಸಪೇಟೆಯಿಂದ ಮುನ್ನೂರು ಕಿಲೋಮೀಟರಿಗೆ ಸಮೀಪದ ದಾರಿ.

ಸರಿಯಾದ ಘಟಕದಲ್ಲಿ ನಡೆಯುವ ಕೆಲಸ ನೋಡತಕ್ಕದ್ದು. ಒಳಗಿನ ಗಾಳಿ ಹೊರಗೆ ಸೋರದಂತೆ ಹೀರುತ್ತಿರುವ ಮುಚ್ಚಿದ ಯಂತ್ರದಲ್ಲಿ ಕೊಳವೆಗಳನ್ನು ಒಡೆದು, ಗಾಜು, ಟೊಪ್ಪಿಗೆ, ಪುಡಿ, ಈ ಮೂರನ್ನೂ ಬೇರ್ಪಡಿಸುತ್ತಾರೆ. ಹೊರಬರುವ ಆವಿಯನ್ನು ಇದ್ದಿಲಿನ ಶೋಧಕ ಹಿಡಿದಿಡುತ್ತದೆ. ಪುಡಿಯನ್ನು ಪಾದರಸದ ಕುದಿಬಿಂದುವಾದ 357 ಡಿಗ್ರಿಯನ್ನು ಮೀರಿ ಕಾಯಿಸಿ, ಮೇಲೆದ್ದ ಆವಿಯನ್ನು ತಣಿಸಿ ಶುದ್ಧ ಪಾದರಸವನ್ನಾಗಿ ಹಿಂದಕ್ಕೆ ಪಡೆಯುತ್ತಾರೆ. ಜಪಾನಿನ ಹೊಕ್ಕೈಡೊ ದ್ವೀಪದ ಇತೊಮುಕಾ ಎಂಬಲ್ಲಿ ಆ ದೇಶದ ಅತಿದೊಡ್ಡ ಪಾದರಸದ ಗಣಿ ಇತ್ತು; 1974ರಲ್ಲಿ ಅದನ್ನು ಮುಚ್ಚಿದರು. ನೆಲದಿಂದ ಪಾದರಸವನ್ನು ಅಗೆದು ಕಾಯಿಸಿ ತೆಗೆಯಬಲ್ಲ ಅನುಭವ ಅಲ್ಲಿಯ ಜನರ ಕೈಯಲ್ಲಿ ಉಳಿದಿದ್ದರಿಂದ, ಅದೇ ಜಾಗದಲ್ಲಿ ಈಗ ದೇಶದ ನಾನಾ ಕಡೆಯಿಂದ ಬಂದ ಸತ್ತ ದೀಪಗಳಿಂದಲೂ ಬ್ಯಾಟರಿಗಳಿಂದಲೂ ಪಾದರಸವನ್ನು ಹಿಂದೆ ಪಡೆಯಲಾಗುತ್ತಿದೆ. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಸಂಡೂರಿಗೆ ಹೋಗುತ್ತದೆ. ದೋಣಿಮಲೆ, ದೇವಗಿರಿಗಳ ಅದಿರನ್ನು ತೂಗಿ, ಬೇರ್ಪಡಿಸಿ, ಮಾದರಿ ಪರೀಕ್ಷಿಸಿ ಸಾಗಿಸಿದ ಮೂರು ತಲೆಮಾರುಗಳ ಕುಶಲತೆ ಅಲ್ಲಿದೆ. ಗಣಿಗಾರಿಕೆಯಿಂದ ಬಳಲಿದ ಪ್ರದೇಶದ ಪುನರುಜ್ಜೀವನಕ್ಕೆಂದು ಸುಪ್ರೀಂ ಕೋರ್ಟಿನ ಕಣ್ಗಾವಲಿನಲ್ಲಿ ಕೂಡಿಸಿದ ನಿಧಿಯೂ, ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇವೆ. ಆ ಹಣದ ಅತ್ಯಲ್ಪ ಅಂಶದಿಂದ ಕಲ್ಯಾಣ ಕರ್ನಾಟಕಕ್ಕೆಲ್ಲ ಸಲ್ಲುವ ದೀಪಸಂಸ್ಕರಣೆಯ ಘಟಕವೊಂದು ಸಂಡೂರಿನ ಸೀಮೆಯಲ್ಲಿ ಏಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಲ್ಲಿಯವರೆಗೆ ಮನೆಯವರೂ ಅಂಗಡಿಯವರೂ ಮಾಡಬಹುದಾದ ಕೆಲಸ ಒಂದಿದೆ, ಅದು ಅತ್ಯಂತ ಸುಲಭವಾದದ್ದು: ಆರಿದ ದೀಪವನ್ನು ಒಡೆಯದೆ ಇಡುವುದು. ಇಡಿಯಾಗಿರುವವರೆಗೆ ಅದರ ಪಾದರಸ ಯಾರಿಗೂ ಕೇಡು ಮಾಡದು. ಹೊಸ ಟ್ಯೂಬು ಬಂದ ರಟ್ಟಿನ ಕವಚವನ್ನು ಎಸೆಯದೆ ಅದರಲ್ಲಿಯೇ ಹಳೆಯದನ್ನು ಸೇರಿಸಿ, ಬಾಗಿಲ ಮೂಲೆಯಲ್ಲಿ ಒರಗಿಸದೆ, ಮಕ್ಕಳ ಕೈಗೆಟುಕದ ಸಜ್ಜೆಯ ಮೇಲೆ ಅಡ್ಡಲಾಗಿ, ಉರುಳದಂತೆ ಮಲಗಿಸಬೇಕು. ಮೇಲೆ ಭಾರ ಹೇರಬಾರದು. ಸಿಎಫ್‌ಎಲ್ಲನ್ನು ಬಿಚ್ಚುವಾಗ ಗಾಜಿನ ಸುರುಳಿಯನ್ನು ಹಿಡಿದು ತಿರುಚದೆ ಪ್ಲಾಸ್ಟಿಕ್ ಬುಡವನ್ನು ಹಿಡಿಯಬೇಕು. ಶಾಲೆ, ಗಿರಣಿ, ಮಠ, ಲಾಡ್ಜು, ಸಾಮಿಯಾನದ ಅಂಗಡಿ ಮೊದಲಾದ ಕಡೆ ನೂರಾರು ಕೊಳವೆಗಳು ಒಟ್ಟಿಗೆ ಇಳಿಯುವಾಗ ಬೀಗವಿರುವ ಒಣಗಿದ ಕೋಣೆಯೊಂದನ್ನು ಗೊತ್ತುಮಾಡಿ, ಪೆಟ್ಟಿಗೆಯ ಮೇಲೆ ‘ಪಾದರಸದ ದೀಪ, ಒಡೆಯಬಾರದು’ ಎಂದು ದೊಡ್ಡಕ್ಷರದಲ್ಲಿ ಬರೆಯುವುದು ಉಚಿತ.

ಕೈತಪ್ಪಿ ಒಡೆದರೆ ಗಾಬರಿ ಬೇಡ, ಕಸಬರಿಕೆಯೂ ಬೇಡ. ಕಸಬರಿಕೆ ಪುಡಿಯನ್ನು ಗಾಳಿಗೆ ಎಬ್ಬಿಸುತ್ತದೆ, ವ್ಯಾಕ್ಯೂಮ್ ಯಂತ್ರವಂತೂ ಆವಿಯನ್ನು ಮನೆಯೆಲ್ಲ ಹರಡುತ್ತದೆ. ಮೊದಲು ಫ್ಯಾನು ನಿಲ್ಲಿಸಿ, ಕಿಟಕಿ ಬಾಗಿಲು ತೆರೆದು, ಮಕ್ಕಳನ್ನೂ ಗರ್ಭಿಣಿಯರನ್ನೂ ಹೊರಗೆ ಕಳಿಸಿ, ಕಾಲು ಗಂಟೆ ಆ ಕೋಣೆಯನ್ನು ಬಿಟ್ಟಿರಬೇಕು. ಆಮೇಲೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಹಳೆಯ ಲಗ್ನಪತ್ರಿಕೆಯಂಥ ಎರಡು ಗಟ್ಟಿ ಕಾಗದಗಳಿಂದ ಚೂರುಗಳನ್ನು ಬಳಿದು, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದಲೂ ಒದ್ದೆ ಕಾಗದದಿಂದಲೂ ಒರಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಗಾಜಿನ ಭರಣಿಗೆ ಹಾಕಿ ಮುಚ್ಚಿ ಮನೆಯ ಹೊರಗಿಡಬೇಕು. ಜಮಖಾನೆ, ಹಾಸಿಗೆಗಳ ಮೇಲೆ ಒಡೆದಿದ್ದರೆ ಅವನ್ನು ಮನೆಯ ಬಟ್ಟೆಗಳೊಡನೆ ಒಗೆಯಬಾರದು. ಬಳಿಕ ಸೋಪು ಹಚ್ಚಿ ಕೈ ತೊಳೆದರಾಯಿತು. ಕಿಟಕಿಗಳು ಇನ್ನೂ ಕೆಲವು ಗಂಟೆ ತೆರೆದೇ ಇರಲಿ.

ಹೀಗೆ ಜನ ಜೋಪಾನವಾಗಿ ಇಟ್ಟದ್ದನ್ನು ಯಾರಾದರೂ ಬಂದು ಒಯ್ಯಲೇಬೇಕಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿಗಳು ಒಂದು ಜಿಲ್ಲೆಗೂ ಸಂಡೂರು, ಕಂಪ್ಲಿಗಳು ಬಳ್ಳಾರಿಗೂ ಸೇರಿದವು; ಹೊಸಪೇಟೆಯಿಂದ ಇವು ಮೂರೂ ಒಂದು ಗಂಟೆಯ ದಾರಿಯೊಳಗೇ ಇವೆ, ನದಿಗೆ ಜಿಲ್ಲೆಯ ಗಡಿ ತಿಳಿಯದು. ಆದುದರಿಂದ ಹೊಸಪೇಟೆಯ ನಗರಸಭೆ, ಕಮಲಾಪುರದ ಪಟ್ಟಣ ಪಂಚಾಯಿತಿ, ಸಂಡೂರು ಕಂಪ್ಲಿಗಳ ಪುರಸಭೆಗಳು ಕೂಡಿ ಒಂದೇ ವಾಹನವನ್ನು ಇಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ನಾಲ್ಕೂ ಊರುಗಳ ಸಂಗ್ರಹವನ್ನು ದಾಬಸ್‌ಪೇಟೆಗೋ ಅನುಮತಿ ಪಡೆದ ಸಂಸ್ಕರಣಾ ಘಟಕಕ್ಕೋ ಒಪ್ಪಿಸಬಹುದು. ಹಂಪಿ ಉತ್ಸವ ಮುಗಿದ ವಾರವನ್ನು ಅದರಲ್ಲೊಂದು ಸರದಿಯಾಗಿ ಇಟ್ಟುಕೊಂಡರೆ, ಆ ದಿನಗಳಿಗೆಂದು ಕಟ್ಟಿದ ತಾತ್ಕಾಲಿಕ ದೀಪಗಳೂ ಅದರಲ್ಲಿ ಸೇರಿಹೋಗುತ್ತವೆ. ಗುಜರಿಯವರನ್ನು ಹೊರಗಿಡದೆ, ಇಡಿಯಾಗಿ ತಂದುಕೊಟ್ಟ ಪ್ರತಿ ಕೊಳವೆಗೆ ಅದರ ಅಲ್ಯೂಮಿನಿಯಂ ಟೊಪ್ಪಿಗೆಗಿಂತ ಹೆಚ್ಚಿನ ಬೆಲೆಯನ್ನು ಕೊಟ್ಟರೆ, ಆ ಹುಡುಗ ಕಬ್ಬಿಣದ ತುಂಡನ್ನು ಎತ್ತಿಕೊಳ್ಳಬೇಕಾದ ಕಾರಣವೇ ಉಳಿಯದು. ಕೇಂದ್ರ ಎಲ್ಲಿದೆ, ಯಾವ ವಾರ, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂಬ ಮೂರು ವಿಷಯಗಳನ್ನು ನಳದ ನೀರಿನ ಬಿಲ್ಲಿನ ಬೆನ್ನ ಮೇಲೆ ಅಚ್ಚು ಹಾಕಿಸುವುದಕ್ಕೆ ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ. ಮುಂದಿನ ತಿಂಗಳ ಬಿಲ್ಲಿನಿಂದಲೇ ಅದನ್ನು ಆರಂಭಿಸಬಹುದು.